ಗರಿಯ ಗಾಳ ಹಿಡಿದು ಮಹಶೀರ್ ಬೆನ್ನಿಗೆ

ರವಿವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮಂದಿ ಹಳಿಯಾಳದ ದಾರಿ ಹಿಡಿದು ದಾಂಡೇಲಿಗೆ ಹೊರಡುತ್ತಾರೆ. ಧಾರವಾಡದಿಂದ ಸುಮಾರು 55 ಕಿ.ಮೀ. ರಾಫ್ಟ್ ಏರಿ ಕಾಳಿ ನದಿಯ ನೊರೆಯಲ್ಲಿ ತೋಯ್ದು ಸಂಜೆಗೆ ಮರಳುತ್ತಾರೆ. ಅದೇ ನದಿಯ ಮಡುಗಳಲ್ಲಿ, ಬಂಡೆಗಳ ಸಂದಿಯಲ್ಲಿ ಮಹಶೀರ್ ಇದೆ. ದೊಡ್ಡ ಹುರುಪೆ, ದಪ್ಪ ತುಟಿ, ಹರಿವಿಗೆ ಎದುರಾಗಿ ನಿಲ್ಲಬಲ್ಲ ಮೈಕಟ್ಟು. ಕಾವೇರಿ ಸೀಮೆಯವರು ಈ ಕುಲದ ಮೀನಿಗೆ ಬಿಳಿಮೀನು ಅನ್ನುತ್ತಾರೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಮಂಡಕ್ಕಿ ಎಸೆಯುವ ದೇವರ ಮೀನುಗಳಲ್ಲೂ ಇದರದೇ ಬಳಗವಿದೆ.

ಗರಿಯ ಗಾಳದಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್ ಯುರೋಪಿನಲ್ಲಿ ಟ್ರೌಟ್ ಮೀನಿನ ಸುತ್ತ ಬೆಳೆದ ವಿದ್ಯೆ. ಬ್ರಿಟಿಷರು ಟ್ರೌಟನ್ನು ನೀಲಗಿರಿಗೂ ಮುನ್ನಾರಿಗೂ ತಂದು ಬಿಟ್ಟರು. ಅಲ್ಲಿನ ತಣ್ಣೀರು ಅದಕ್ಕೆ ಒಗ್ಗಿತು, ನಮ್ಮ ಬಯಲಿನ ನದಿಗಳು ಒಗ್ಗುವುದಿಲ್ಲ. ಇಲ್ಲಿ ಆ ಸ್ಥಾನ ಮಹಶೀರ್‌ನದು. ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದ ರಾಡ್ ಇನ್ ಇಂಡಿಯಾ’ ಪುಸ್ತಕದಲ್ಲಿ ಸೆಣಸಾಟದಲ್ಲಿ ಇದನ್ನು ಸಾಲ್ಮನ್ ಮೀನಿಗಿಂತ ಮೇಲಿಟ್ಟ.

ಗರಿ ಮತ್ತು ನೂಲನ್ನು ಕೊಕ್ಕೆಗೆ ಸುತ್ತಿ ಕಟ್ಟಿದ ಈ ಗಾಳಕ್ಕೆ ತೂಕವೇ ಇಲ್ಲ. ದೂರಕ್ಕೆ ಎಸೆಯಲ್ಪಡುವುದು ದಪ್ಪನೆಯ ದಾರ, ಗಾಳ ಅದರ ಬೆನ್ನು ಹತ್ತಿ ಹೋಗುತ್ತದೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವ ಗಳಿಗೆಯಲ್ಲೇ ಎಲ್ಲ ಇದೆ. ತೋಳಿನ ಬಲ ಇಲ್ಲಿ ಕೆಲಸಕ್ಕೆ ಬಾರದು. ಮಹಶೀರ್ ಅತ್ತಿಹಣ್ಣನ್ನೂ ತಿನ್ನುತ್ತದೆ, ಹುಳವನ್ನೂ ಮರಿಮೀನನ್ನೂ ತಿನ್ನುತ್ತದೆ. ಹಾಗಾಗಿ ಗಾಳ ಕಟ್ಟುವವರು ಈ ಎಲ್ಲದರ ರೂಪವನ್ನೂ ಗರಿಯಲ್ಲಿ ಮೂಡಿಸುತ್ತಾರೆ. ದವಡೆಯಲ್ಲಿ ಹಲ್ಲಿಲ್ಲದ ಈ ಮೀನಿಗೆ ಗಂಟಲಲ್ಲಿ ಹಲ್ಲಿವೆ. ಬಸವನಹುಳದ ಚಿಪ್ಪನ್ನು ಪುಡಿಮಾಡುವ ಆ ಗಂಟಲು ಸಣ್ಣ ಕೊಕ್ಕೆಯನ್ನೂ ನಜ್ಜುಗುಜ್ಜು ಮಾಡಬಲ್ಲದು.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಹಂಗಾಮು. ಬೆಳಕು ಹರಿಯುವ ಹೊತ್ತಿಗೆ ಮೀನು ಆಳ ಬಿಟ್ಟು ಝರಿ ಸೇರುವಲ್ಲಿಗೆ ಮೇಯಲು ಬರುತ್ತದೆ. ದಡದವನ ನೆರಳು ನೀರಿಗೆ ಬಿದ್ದರೆ ಆ ಮುಂಜಾನೆಯ ಆಟ ಮುಗಿಯಿತು. ಕಾಳಿಯಲ್ಲಿ ಇನ್ನೊಂದು ಲೆಕ್ಕವಿದೆ: ಸೂಪಾದ ವಿದ್ಯುದಾಗಾರ ನೀರು ಬಿಟ್ಟೊಡನೆ ಹೊಳೆ ಏರುತ್ತದೆ, ನೀರಿಗಿಳಿದವನಿಗೆ ಅಪಾಯ. ಮೀನು ಕಚ್ಚಿದರೆ ಕೋಲೆತ್ತದೆ ದಾರವನ್ನು ಕೈಯಿಂದ ಜಗ್ಗಿ ಕೊಕ್ಕೆ ನಾಟಿಸಬೇಕು. ಮೊದಲ ಓಟಕ್ಕೆ ದಾರ ಬಿಟ್ಟುಕೊಡಲೇಬೇಕು, ತಡೆದರೆ ತುಂಡಾಗುತ್ತದೆ. ದಡಕ್ಕೆ ತಂದ ಮೀನನ್ನು ನೀರಿನಿಂದ ಎತ್ತದೆ, ಒದ್ದೆ ಕೈಯಿಂದ ಮುಳ್ಳಿಲ್ಲದ ಕೊಕ್ಕೆ ಬಿಡಿಸಿ, ಹರಿವಿಗೆ ಮುಖಮಾಡಿ ಹಿಡಿದು, ಅದು ತಾನಾಗಿ ಈಜಿಹೋಗಲು ಬಿಡುವುದು ಸರಿಯಾದ ಕ್ರಮ.

ಮೈಸೂರಿನ ವ್ಯಾನ್ ಇಂಗನ್ 1946ರಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕೆ.ಜಿ. ಅಂಥ ಮೀನು ಇನ್ನಿಲ್ಲವೆಂಬ ಭಾವನೆ ಬೆಳೆದಿದ್ದಾಗ, 1970ರ ದಶಕದ ಕೊನೆಗೆ ಮೂವರು ಬ್ರಿಟಿಷ್ ಯುವಕರು ಕಾವೇರಿಯಲ್ಲಿ ಅವನ್ನು ಮತ್ತೆ ಹಿಡಿದು ತೋರಿಸಿದರು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಬಿಡಾರಗಳೆದ್ದವು. ಅಲ್ಲಿ ಗರಿಗಿಂತ ರಾಗಿ ಉಂಡೆಯದೇ ಕಾರುಬಾರು. ಸುತ್ತಲ ಹಳ್ಳಿಯವರು ಹರಿಗೋಲು ನಡೆಸುವ ಮಾರ್ಗದರ್ಶಕರಾದರು, ಕಳ್ಳಬೇಟೆ ಬಿಟ್ಟು ಬಂದವರೂ ಅವರಲ್ಲಿದ್ದರು. ಈ ಬಿಡಾರಗಳಿದ್ದ ಕಾವೇರಿ ಅಭಯಾರಣ್ಯದೊಳಗೆ ಗಾಳ ನಿಷಿದ್ಧವಾಗಿ ದಶಕ ದಾಟಿದೆ. ಸಿಡಿಮದ್ದಿನಿಂದ ಮೀನು ಕೊಲ್ಲುವವರ ಮೇಲೆ ಹಗಲಿರುಳು ಕಣ್ಣಿಟ್ಟಿದ್ದ ಜನರನ್ನು ನದಿ ಹೀಗೆ ಕಳೆದುಕೊಂಡಿತು, ಅದು ದೊಡ್ಡ ನಷ್ಟ ಎಂದೇ ನನ್ನ ನಂಬಿಕೆ. ಡುಬ್ಬದ ಬೆನ್ನಿನ ಕಾವೇರಿ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಕಾಳಿಯ ಕಷ್ಟ ಬೇರೆ. 184 ಕಿ.ಮೀ. ಉದ್ದದ ನದಿಯನ್ನು ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ತುಂಡರಿಸಿವೆ. ಮಳೆಗಾಲದಲ್ಲಿ ಮೇಲಕ್ಕೇರಿ ಮೊಟ್ಟೆ ಇಡುವ ಮೀನಿಗೆ ದಾರಿ ಉಳಿದಿಲ್ಲ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಗಾಳ ಹಾಕುವಂತಿಲ್ಲ, ಹೊರಗೂ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಇಳಿಯಬೇಕು. ಎಸೆತ ಕಲಿಯಲು ಮಾತ್ರ ನದಿ ಬೇಡ. ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಂಥ ಬಯಲಿನಲ್ಲಿ, ಕೊಕ್ಕೆಯ ಬದಲು ಉಣ್ಣೆಯ ತುಂಡು ಕಟ್ಟಿ, ಬೆಳಗಿನ ಗಾಳಿ ಏಳುವ ಮೊದಲು ಅಭ್ಯಾಸ ಶುರುಮಾಡಬಹುದು.