ಪೆಡಲ್ ಒತ್ತಿದರೂ ಗಾಡಿ ಏಕೆ ಎಳೆಯುವುದಿಲ್ಲ?

ಪ್ರಶ್ನೆ: ನನ್ನ ಡೀಸೆಲ್ ಪಿಕಪ್‌ನಲ್ಲಿ ಒಮ್ಮೊಮ್ಮೆ ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಐಡ್ಲಿಂಗ್‌ನಲ್ಲೇ ಇರುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಏನು ಕಾರಣ?

ಉತ್ತರ: ಹಳೆಯ ಡೀಸೆಲ್ ಗಾಡಿಗಳಲ್ಲಿ ಪೆಡಲ್ಲಿನ ಕೇಬಲ್ ನೇರವಾಗಿ ಪಂಪಿನ ಲಿವರ್ ಎಳೆಯುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಆ ಕೇಬಲ್ ಇಲ್ಲ. ಪೆಡಲ್ಲಿನಲ್ಲಿರುವ ಎರಡು ಸೆನ್ಸರ್‌ಗಳು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ (ಇಸಿಯು) ವೋಲ್ಟೇಜ್ ಕಳಿಸುತ್ತವೆ. ಅನೇಕ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು. ಈ ತಾಳೆ ತಪ್ಪಿದರೆ, ಗಾಡಿ ತಾನಾಗಿ ನುಗ್ಗಬಾರದೆಂದು ಇಸಿಯು ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಹೊಸದಾಗಿ ಪರೀಕ್ಷಿಸಿಕೊಳ್ಳುತ್ತದೆ. ನಿಮ್ಮ ಅನುಭವ ಇದಕ್ಕೆ ಹೊಂದುತ್ತದೆ.

ಲೋಡಿನಲ್ಲಿ, ಏರಿನಲ್ಲಿ ಮಾತ್ರ ಗಾಡಿ ಮುಗ್ಗರಿಸುತ್ತಿದ್ದರೆ ಕಥೆ ಬೇರೆ. ಆಗ ಮೊದಲು ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು, ಪೈಪಿನಲ್ಲಿ ಸೇರುವ ಗಾಳಿ ನೋಡಬೇಕು.

ನಿಮ್ಮ ಗಾಡಿಗೆ ಸ್ಕ್ಯಾನರ್ ಹಾಕಿಸಿ, ಅದು ತೋರಿಸುವ ದೋಷದ ಕೋಡನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡದೆ, ಕೀ ಆನ್ ಇಟ್ಟು ಪೆಡಲ್ ನಿಧಾನವಾಗಿ ಒತ್ತಿ. ಎರಡೂ ಸೆನ್ಸರ್‌ಗಳ ಅಂಕಿ ಜಿಗಿಯದೆ ಏರಬೇಕು. ಇನ್ನೊಬ್ಬರು ಪೆಡಲ್ಲಿನ ವೈರಿಂಗನ್ನು ಅಲ್ಲಾಡಿಸಲಿ. ಆಗ ಅಂಕಿ ಬಿದ್ದರೆ ದೋಷ ವೈರಿನಲ್ಲೋ ಕನೆಕ್ಟರಿನಲ್ಲೋ ಇದೆ. ಹಸಿರು ಕಿಲುಬು ಹಿಡಿದ ಪಿನ್, ಸಡಿಲವಾದ ಅರ್ಥ್ ವೈರ್ ಹುಡುಕಿ. ವೈರಿಂಗ್ ಎಲ್ಲ ಸರಿಯಿದ್ದೂ ಅಂಕಿ ಜಿಗಿಯುತ್ತಿದ್ದರೆ ಮಾತ್ರ ಹೊಸ ಪೆಡಲ್ ಕೊಳ್ಳಿ.

ದುರಸ್ತಿಯಾಗುವವರೆಗೆ ದಯವಿಟ್ಟು ಹೆದ್ದಾರಿಗೆ, ಘಾಟಿಗೆ ಹೋಗಬೇಡಿ. ಓವರ್‌ಟೇಕ್ ಮಾಡುವಾಗ ಎಂಜಿನ್ ಕೈಕೊಟ್ಟರೆ ಜೀವಕ್ಕೇ ಅಪಾಯ.