ಹಳೆಯ ಕ್ರೆಡಿಟ್ ಕಾರ್ಡು: ಉಳಿಸುವುದೋ, ಮುಚ್ಚುವುದೋ?

ಉದ್ರಿಯ ವ್ಯವಹಾರ ಹೈದರಾಬಾದಿನ ಕನ್ನಡಿಗರಿಗೆ ಹೊಸದೇನೂ ಅಲ್ಲ. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳು ತಿಂಗಳ ಕಿರಾಣಿಯನ್ನು ಅಂಗಡಿಯವನ ಪುಸ್ತಕದಲ್ಲಿ ಬರೆಸಿ, ಪಗಾರವಾದೊಡನೆ ತೀರಿಸಿ ಬಾಳಿದವು. ಯಾರಿಗೆ ಎಷ್ಟು ಉದ್ರಿ ಕೊಡಬಹುದೆಂದು ಅಂಗಡಿಯವನು ನಿರ್ಧರಿಸುತ್ತಿದ್ದುದು ಮುಖ್ಯವಾಗಿ ಎರಡು ಸಂಗತಿಗಳಿಂದ: ಹೇಳಿದ ದಿನಕ್ಕೆ ಹಣ ಬರುತ್ತದೆಯೇ, ಮತ್ತು ಈತ ಎಷ್ಟು ವರ್ಷಗಳ ಗಿರಾಕಿ.

ಕ್ರೆಡಿಟ್ ಕಾರ್ಡು ಈ ಉದ್ರಿಯದೇ ದೊಡ್ಡ ರೂಪ. ಹೈದರಾಬಾದಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಆಂಧ್ರ ಬ್ಯಾಂಕು 1981ರಲ್ಲಿಯೇ ಕಾರ್ಡನ್ನು ಹೊರತಂದು, ದೇಶದಲ್ಲಿ ಈ ಸೌಲಭ್ಯವನ್ನು ಮೊದಮೊದಲು ಒದಗಿಸಿದ ಬ್ಯಾಂಕುಗಳಲ್ಲಿ ಒಂದೆನಿಸಿತು. (2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು.) ಆ ಕಾಲದಲ್ಲಿ ಗಿರಾಕಿಯ ಯೋಗ್ಯತೆ ಮ್ಯಾನೇಜರರ ನೆನಪಿನಲ್ಲಿರುತ್ತಿತ್ತು. 2000ದಲ್ಲಿ ಸಿಬಿಲ್ ಸ್ಥಾಪನೆಯಾಗಿ, 2005ರಲ್ಲಿ ಸಾಲ ಮಾಹಿತಿ ಸಂಸ್ಥೆಗಳ ಕಾಯಿದೆ ಬಂದಮೇಲೆ ಆ ನೆನಪು ದಾಖಲೆಯಾಗಿ ಮಾರ್ಪಟ್ಟಿತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಸಾಲಗಾರರ ನಡತೆಯನ್ನು 300ರಿಂದ 900ರವರೆಗಿನ ಅಂಕದಲ್ಲಿ ಹೇಳುತ್ತವೆ. 750ಕ್ಕೆ ಮೇಲ್ಪಟ್ಟ ಅಂಕವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಉತ್ತಮವೆಂದು ಎಣಿಸುತ್ತವೆ.

ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ, ಅಥವಾ ಯಜಮಾನನ ನೌಕರಿಗೇ ಸಂಚಕಾರ ಬಂದರೆ, ಈ ಅಂಕ ಕುಸಿಯಲು ಕೆಲವು ತಿಂಗಳುಗಳು ಸಾಕು. ಮೇಲೇರಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಕಷ್ಟದಿಂದ ಪಾರಾದ ಗೃಹಸ್ಥನಿಗೆ ಮೊದಲು ಹೊಳೆಯುವ ವಿಚಾರವೆಂದರೆ, ಈ ಪೀಡೆಯೇ ಬೇಡ, ಇದ್ದಬದ್ದ ಕಾರ್ಡುಗಳನ್ನೆಲ್ಲ ಮುಚ್ಚಿಬಿಡೋಣ ಎಂಬುದು. ಈ ಮನೋಭಾವ ಸಹಜವಾದುದೇ. ಆದರೆ ಮಗಳ ಓದಿಗೋ ಮನೆ ಕಟ್ಟುವುದಕ್ಕೋ ಮುಂದಿನ ವರ್ಷ ಸಾಲ ಬೇಕಾಗಿರುವವನು ಹೀಗೆ ಆತುರಪಡುವುದು ಲಾಭಕರವಲ್ಲ.

ಲೆಕ್ಕ ಹಾಕಿ ನೋಡೋಣ. ಒಬ್ಬರ ಬಳಿ ಮೂರು ಕಾರ್ಡುಗಳಿವೆ ಎಂದು ಭಾವಿಸಿರಿ. ಅವುಗಳಲ್ಲಿ ಅತ್ಯಂತ ಹಳೆಯದರ ಮಿತಿ 40,000 ರೂಪಾಯಿ, ಎರಡನೆಯದರದು 60,000, ಮೂರನೆಯದರದು 1,00,000. ಒಟ್ಟು ಎರಡು ಲಕ್ಷ. ಮೂರನೆಯ ಕಾರ್ಡಿನಲ್ಲಿ ಮಾತ್ರ 50,000 ರೂಪಾಯಿ ಬಾಕಿ ಇದೆ. ಅಂದರೆ ದೊರೆತ ಮಿತಿಯಲ್ಲಿ ಬಳಸಿರುವುದು ಶೇಕಡ 25. ಈಗ ಬಾಕಿಯಿಲ್ಲದ ಮೊದಲ ಎರಡು ಕಾರ್ಡುಗಳನ್ನು ಆತ ಮುಚ್ಚಿದನೆನ್ನಿ. ಸಾಲ ಒಂದು ಪೈಸೆಯೂ ಹೆಚ್ಚಲಿಲ್ಲ. ಆದರೂ ಮಿತಿ ಒಂದು ಲಕ್ಷಕ್ಕೆ ಇಳಿದುದರಿಂದ ಬಳಕೆ ಶೇಕಡ 50 ಆಯಿತು. ಬಳಕೆ ಶೇಕಡ 30ರೊಳಗಿದ್ದರೆ ಒಳಿತೆಂಬುದು ಬ್ಯಾಂಕಿನವರಲ್ಲಿ ರೂಢಿಯಲ್ಲಿರುವ ಅಳತೆ. ಪ್ರಾಮಾಣಿಕವಾಗಿ ಕಾರ್ಡು ಮುಚ್ಚಿದವನು ದಾಖಲೆಯಲ್ಲಿ ಸಾಲಕ್ಕೆ ಹಸಿದವನಂತೆ ಕಾಣುವುದು ಹೀಗೆ.

ಎರಡನೆಯ ಸಂಗತಿ ಖಾತೆಯ ವಯಸ್ಸು. ಹಳೆಯ ಕಾರ್ಡನ್ನು ಮುಚ್ಚಿದರೆ ಅದರ ಇತಿಹಾಸವೆಲ್ಲ ಅಳಿದುಹೋಗುತ್ತದೆಂದು ಹಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಮುಚ್ಚಿದ ಖಾತೆಯ ವಿವರ ವರದಿಯಲ್ಲಿ ಹಲವು ವರ್ಷ ಉಳಿಯುತ್ತದೆ. ಹಾಗೆಯೇ, ಕಾರ್ಡು ಮುಚ್ಚಿದರೆ ಹಿಂದಿನ ತಪ್ಪು ಕಂತುಗಳೂ ಮರೆಯಾಗುವುವೆಂಬ ನಂಬಿಕೆಗೂ ಆಧಾರವಿಲ್ಲ. ಚಾಲ್ತಿಯಲ್ಲಿರುವ ಖಾತೆಯಲ್ಲಿ ಮಾತ್ರ ತಿಂಗಳು ತಿಂಗಳೂ ಒಂದೊಂದು ಒಳ್ಳೆಯ ನಮೂದು ಸೇರುತ್ತ ಹೋಗುತ್ತದೆ. ಕೆಟ್ಟ ಅಂಕವನ್ನು ಸರಿಪಡಿಸುವ ನಿಜವಾದ ಔಷಧಿ ಅದೇ.

ಆದುದರಿಂದ ವಾರ್ಷಿಕ ಶುಲ್ಕವಿಲ್ಲದ ಅತ್ಯಂತ ಹಳೆಯ ಕಾರ್ಡನ್ನು ಉಳಿಸಿಕೊಳ್ಳುವುದು ಜಾಣತನ. ಉಳಿಸಿಕೊಳ್ಳುವುದೆಂದರೆ ಬೀರುವಿನಲ್ಲಿಟ್ಟು ಮರೆಯುವುದಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದ ಪ್ರಕಾರ, ಒಂದು ವರ್ಷಕ್ಕೂ ಮೀರಿ ಬಳಸದ ಕಾರ್ಡಿನ ಬಗ್ಗೆ ಬ್ಯಾಂಕು ಗಿರಾಕಿಗೆ ತಿಳಿವಳಿಕೆ ನೀಡಿ, 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಬಾಕಿಯಿಲ್ಲದ ಪಕ್ಷದಲ್ಲಿ ಅದನ್ನು ತಾನೇ ಮುಚ್ಚಬೇಕು. ಎರಡು ಮೂರು ತಿಂಗಳಿಗೊಮ್ಮೆ ಔಷಧಿಯಂಗಡಿಯ ಬಿಲ್ಲನ್ನು ಆ ಕಾರ್ಡಿನಿಂದ ಕೊಟ್ಟು, ಗಡುವಿನೊಳಗೆ ಪೂರ್ತಿ ತೀರಿಸಿದರೆ ಸಾಕು. ‘ಕನಿಷ್ಠ ಪಾವತಿ’ ಎಂದು ಬಿಲ್ಲಿನಲ್ಲಿ ಅಚ್ಚಾಗುವ ಸಣ್ಣ ಮೊತ್ತವನ್ನು ಮಾತ್ರ ಕಟ್ಟಿದರೆ ಖಾತೆ ಸುಸ್ತಿಯಾಗುವುದಿಲ್ಲ, ನಿಜ. ಆದರೆ ಉಳಿದುದರ ಮೇಲೆ ತಿಂಗಳಿಗೆ ಶೇಕಡ ಮೂರೂವರೆಯ ಆಸುಪಾಸಿನ ಬಡ್ಡಿ ಬಿದ್ದರೆ, ವರ್ಷಕ್ಕೆ ಶೇಕಡ 42 ಆಯಿತು. ನಮ್ಮ ಹಿರಿಯರು ಬೈಯುತ್ತಿದ್ದ ಸಾಹುಕಾರರೂ ಇಷ್ಟು ಕೇಳುತ್ತಿದ್ದರೋ ಇಲ್ಲವೋ!

ಮುಚ್ಚಲೇಬೇಕಾದ ಕಾರ್ಡುಗಳೂ ಉಂಟು. ಉಪಯೋಗಕ್ಕಿಂತ ಶುಲ್ಕವೇ ಹೆಚ್ಚಾದದ್ದು ಮೊದಲನೆಯದು; ಅದನ್ನು ಶುಲ್ಕವಿಲ್ಲದ ಕಾರ್ಡಾಗಿ ಬದಲಿಸಿ ಕೊಡುವಿರಾ ಎಂದು ಬ್ಯಾಂಕನ್ನು ಒಮ್ಮೆ ಕೇಳಿ ನೋಡಬಹುದು. ಇನ್ನೊಂದು ಬಗೆಯದು, ಕೈಯಲ್ಲಿದ್ದರೆ ಖರ್ಚು ಮಾಡಿಸಿಯೇ ತೀರುವ ಕಾರ್ಡು. ಮನಸ್ಸು ಹಿಡಿತದಲ್ಲಿಲ್ಲದವನಿಗೆ ಶೇಕಡಾವಾರು ಲೆಕ್ಕದ ಉಪದೇಶ ವ್ಯರ್ಥ. ಅಂಥವನ ಅಂಕ ಸ್ವಲ್ಪ ಇಳಿದರೂ ಚಿಂತೆಯಿಲ್ಲ, ಕಾರ್ಡು ಹೋಗಲಿ. ಇಳಿದ ಅಂಕ ಮತ್ತೆ ಏರುತ್ತದೆ; ಎರಡನೆಯ ಸಲ ಸಾಲದ ಬಾವಿಗೆ ಬಿದ್ದ ಸಂಸಾರವನ್ನು ಮೇಲೆತ್ತುವುದು ಕಷ್ಟ.

ಕಾರ್ಡನ್ನು ಕತ್ತರಿಯಿಂದ ತುಂಡರಿಸಿ ಬುಟ್ಟಿಗೆ ಹಾಕಿದರೆ ಖಾತೆ ಮುಚ್ಚಿದಂತಾಯಿತೆಂದು ತಿಳಿದವರು ಅನೇಕರು. ಖಾತೆ ಜೀವಂತವಾಗಿಯೇ ಇರುತ್ತದೆ. ಕೆಲವು ನೂರು ರೂಪಾಯಿಗಳ ವಾರ್ಷಿಕ ಶುಲ್ಕ ಬೀಳುತ್ತದೆ, ವಿಳಂಬದ ದಂಡ ಸೇರುತ್ತದೆ, ಕೊನೆಗೆ ಸುಸ್ತಿದಾರನೆಂಬ ಹೆಸರು. ಕ್ರಮಬದ್ಧವಾಗಿ ಮುಚ್ಚಬೇಕಾದರೆ ಬಾಕಿಯನ್ನು ಪೂರ್ಣ ತೀರಿಸಿ, ಬ್ಯಾಂಕಿಗೆ ಕೋರಿಕೆ ಸಲ್ಲಿಸಬೇಕು. ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ, ಬಾಕಿಯಿಲ್ಲದ ಗಿರಾಕಿಗೆ ದಿನವೊಂದಕ್ಕೆ 500 ರೂಪಾಯಿಯಂತೆ ಬ್ಯಾಂಕು ತೆರಬೇಕೆಂದು ಅದೇ 2022ರ ನಿಯಮಗಳಲ್ಲಿ ಹೇಳಲಾಯಿತು. ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ಪಡೆದು ಜೋಪಾನವಾಗಿಡತಕ್ಕದ್ದು.

ವಸೂಲಿಗೆ ಬಂದವರು ‘ಅರ್ಧ ಕಟ್ಟಿ, ಲೆಕ್ಕ ಚುಕ್ತಾ ಮಾಡಿಬಿಡೋಣ’ ಎಂದಾಗ ವಿಶೇಷ ಎಚ್ಚರ ಬೇಕು. ಹಾಗೆ ರಾಜಿಯಾದ ಖಾತೆ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬಾರದೆ ‘ಸೆಟಲ್ಡ್’ ಎಂದು ಬರುತ್ತದೆ. ಈತ ಪೂರ್ತಿ ಸಾಲ ತೀರಿಸಿಲ್ಲವೆಂದೇ ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ನಿಜಕ್ಕೂ ಗತಿಯಿಲ್ಲದವನಿಗೆ ರಾಜಿಯೇ ದಾರಿಯಾಗಬಹುದು. ಕೈಯಲ್ಲಿ ಹಣ ಬಂದಮೇಲೆ ಬಿಟ್ಟ ಮೊತ್ತವನ್ನೂ ಕಟ್ಟಿ ನಮೂದನ್ನು ಬದಲಿಸುವಂತೆ ಬ್ಯಾಂಕನ್ನು ಕೇಳಲು ಸಾಧ್ಯವಿದೆ. ಇರುವ ಕಾರ್ಡುಗಳನ್ನೆಲ್ಲ ಬ್ಯಾಂಕೇ ಹಿಂತೆಗೆದುಕೊಂಡಿದ್ದರೆ, ನಿಶ್ಚಿತ ಠೇವಣಿಯ ಆಧಾರದ ಮೇಲೆ ಹೊಸ ಕಾರ್ಡು ಪಡೆದು ಮೊದಲಿನಿಂದ ಆರಂಭಿಸಬಹುದು.

ಇವುಗಳಲ್ಲಿ ಯಾವುದನ್ನು ಮಾಡುವ ಮುನ್ನವೂ ತನ್ನ ವರದಿಯನ್ನು ತಾನೇ ಓದುವುದು ಅಗತ್ಯ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಹಾಗೆ ತಾನೇ ತರಿಸಿ ನೋಡುವುದರಿಂದ ಅಂಕ ಇಳಿಯುವುದಿಲ್ಲ. ಎಂದೋ ತೀರಿಸಿದ ಕಾರ್ಡು ಇನ್ನೂ ಬಾಕಿಯೆಂದು ಕಂಡುಬಂದರೆ ಆ ಸಂಸ್ಥೆಗಾಗಲಿ ಬ್ಯಾಂಕಿಗಾಗಲಿ ದೂರು ಕೊಡಬಹುದು. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಏರ್ಪಾಡು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು.