ಸರ್ಕಾರಿ ಶಾಲೆ: ಕೇಳಿದ್ದೆಲ್ಲ ನಿಜವಲ್ಲ

ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು ದಾಖಲಾತಿ ಆಂದೋಲನಕ್ಕೆಂದು ಮನೆಮನೆಗೆ ಹೋಗುತ್ತಾರೆ. ಖಾಸಗಿ ಶಾಲೆಯ ವ್ಯಾನು ಕೂಡ ಅದೇ ಬೀದಿಗೆ ಬರುತ್ತದೆ. ಮಗುವನ್ನು ಎಲ್ಲಿಗೆ ಸೇರಿಸಬೇಕೆಂಬುದು ಹೆತ್ತವರಿಗೆ ಬಿಟ್ಟದ್ದು. ಆದರೆ ಆ ತೀರ್ಮಾನಕ್ಕೆ ಅವರಿವರ ಮಾತೇ ಆಧಾರವಾಗಬಾರದು.

ತಪ್ಪು ಕಲ್ಪನೆ 1: ಮಕ್ಕಳ ಸಂಖ್ಯೆ ಇಳಿದಿದೆ ಎಂದರೆ ಅಲ್ಲಿ ಪಾಠ ಸರಿಯಿಲ್ಲ.

ಸತ್ಯ: ಸಂಖ್ಯೆ ಇಳಿಯಲು ಶಾಲೆಯ ಹೊರಗೂ ಕಾರಣಗಳಿವೆ. ಮೊದಲನೆಯದು, ಮಕ್ಕಳೇ ಕಡಿಮೆಯಾಗಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ ಸುಮಾರು 2.1 ಬೇಕು. ದುಡಿಮೆಗೆಂದು ಪೇಟೆ ಸೇರಿದ ಕುಟುಂಬಗಳ ಜೊತೆ ಮಕ್ಕಳೂ ಹೋಗುತ್ತಾರೆ. ಇನ್ನೊಂದು ಕಾರಣ ಎಲ್‌ಕೆಜಿ. ಖಾಸಗಿಯವರು ನಾಲ್ಕು ವರ್ಷದ ಹೊತ್ತಿಗೇ ಸೇರಿಸಿಕೊಳ್ಳುತ್ತಾರೆ; ಬಹುಪಾಲು ಸರ್ಕಾರಿ ಶಾಲೆಗಳು ಶುರುವಾಗುವುದೇ ಒಂದನೇ ತರಗತಿಯಿಂದ. ಒಂದು ಕಡೆ ಹೊಂದಿಕೊಂಡ ಮಗುವನ್ನು ಬಿಡಿಸಿ ತರುವವರು ಕಡಿಮೆ.

ತಪ್ಪು ಕಲ್ಪನೆ 2: ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ವರ್ಷವರ್ಷ ಪಾಸಾದರೆ ಮಗು ಕಲಿಯುತ್ತಿದೆ.

ಸತ್ಯ: ದೇಶದ ಗ್ರಾಮೀಣ ಭಾಗದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಶೇ 98ರಷ್ಟು ಶಾಲೆಗೆ ದಾಖಲಾಗಿದ್ದಾರೆ ಎಂದು 2024ರ ಅಸರ್ ಸಮೀಕ್ಷೆ ಹೇಳುತ್ತದೆ. ಆ ಸಮೀಕ್ಷೆಯವರು ಮಗುವಿನ ಮನೆಗೇ ಹೋಗಿ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ ಇರುತ್ತವೆ. ಸರ್ಕಾರಿ ಶಾಲೆಯ ಐದನೇ ತರಗತಿಯವರಲ್ಲಿ ಆ ಕಥೆಯನ್ನು ಓದಬಲ್ಲವರು ದೇಶದ ಗ್ರಾಮೀಣ ಭಾಗದಲ್ಲಿ ಶೇ 44.8 ಮಾತ್ರ. ಸರ್ಕಾರಿ ಶಾಲೆಯ ಮೇಲೆ ಅಭಿಮಾನ ಇರುವವರು ಈ ಸಂಖ್ಯೆಯನ್ನು ಮುಚ್ಚಿಡಬಾರದು. ಸಮಾಧಾನದ ಸಂಗತಿಯೂ ಇದೆ: 2022ರಲ್ಲಿ ಇದು ಶೇ 38.5ಕ್ಕೆ ಕುಸಿದಿತ್ತು, ಎರಡೇ ವರ್ಷದಲ್ಲಿ ಚೇತರಿಸಿಕೊಂಡಿದೆ.

ತಪ್ಪು ಕಲ್ಪನೆ 3: ಖಾಸಗಿ ಶಾಲೆಗೆ ಹಾಕಿದರೆ ಅದೇ ಮಗು ಹೆಚ್ಚು ಕಲಿಯುತ್ತದೆ.

ಸತ್ಯ: ಅದೇ ಸಮೀಕ್ಷೆಯಲ್ಲಿ ಖಾಸಗಿ ಶಾಲೆಯ ಐದನೇ ತರಗತಿಯವರಲ್ಲಿ ಆ ಕಥೆ ಓದಬಲ್ಲವರ ಪ್ರಮಾಣ ಶೇ 59.3. ವ್ಯತ್ಯಾಸ ಇದೆ. ಆದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು? ಓದಿದ ತಾಯಿ, ಟ್ಯೂಷನ್, ಶುಲ್ಕ ಕಟ್ಟುವ ಶಕ್ತಿ ಎಲ್ಲವೂ ಆ ಅಂಕಿಯೊಳಗೆ ಸೇರಿಕೊಂಡಿವೆ. ಇವನ್ನು ಬೇರ್ಪಡಿಸಿ ನೋಡಲು ಸಂಶೋಧಕರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವಿಭಜಿತ ಆಂಧ್ರದ 180 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಸರ್ಕಾರಿ ಶಾಲೆಯ ಮಕ್ಕಳ ಪೈಕಿ ಲಾಟರಿಯಲ್ಲಿ ಗೆದ್ದವರಿಗೆ ಖಾಸಗಿ ಶಾಲೆಯ ಖರ್ಚು ಭರಿಸಲಾಯಿತು. ನಾಲ್ಕು ವರ್ಷದ ನಂತರ ಪರೀಕ್ಷಿಸಿದಾಗ ತೆಲುಗು ಮತ್ತು ಗಣಿತದಲ್ಲಿ ಗೆದ್ದವರಿಗೂ ಸೋತವರಿಗೂ ಅಂತರ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಗೆದ್ದವರು ಮುಂದಿದ್ದರು. ಖಾಸಗಿ ಶಾಲೆಗಳು ಇದನ್ನು ಕಡಿಮೆ ಖರ್ಚಿನಲ್ಲಿ ಸಾಧಿಸಿದ್ದವು ಎಂಬುದನ್ನೂ ಹೇಳಲೇಬೇಕು. ಆದರೆ ಶಾಲೆ ಬದಲಿಸಿದ ಮಾತ್ರಕ್ಕೆ ಓದು, ಲೆಕ್ಕ ಸುಧಾರಿಸುತ್ತದೆ ಎಂಬ ಭರವಸೆಗೆ ಅಲ್ಲಿ ಪುರಾವೆ ಸಿಗಲಿಲ್ಲ.

ತಪ್ಪು ಕಲ್ಪನೆ 4: ಮೇಷ್ಟ್ರಿಲ್ಲದ್ದಕ್ಕೇ ಒಂದರಿಂದ ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸುತ್ತಾರೆ.

ಸತ್ಯ: ಅದು ನಲಿ-ಕಲಿ ಪದ್ಧತಿ. ಆಂಧ್ರದ ಋಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009–10ರಿಂದ ರಾಜ್ಯಕ್ಕೆಲ್ಲ ಹಬ್ಬಿತು. ಮಕ್ಕಳು ತರಗತಿವಾರು ಕೂರದೆ, ಕಲಿಕೆಯ ಮಟ್ಟಕ್ಕೆ ತಕ್ಕಂತೆ ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಪಕ್ಕದಲ್ಲೇ ಇದ್ದು ಕಲಿಸಿದರೆ, ಇನ್ನೊಂದರಲ್ಲಿ ಗೆಳೆಯರು ನೆರವಾಗುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಅಭ್ಯಾಸ ಮಾಡುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಅದೇ ಶಿಕ್ಷಕರಿಗೆ ನಾಲ್ಕು, ಐದನೇ ತರಗತಿಯನ್ನೂ ವಹಿಸಿದರೆ ಪದ್ಧತಿ ಸೊರಗುತ್ತದೆ. ಹಾಗಾಗಿ ದೂರಬೇಕಾದದ್ದು ಶಿಕ್ಷಕರ ಕೊರತೆಯನ್ನು.

ತಪ್ಪು ಕಲ್ಪನೆ 5: ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಇಲ್ಲ.

ಸತ್ಯ: 2007–08ರಿಂದಲೇ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯ. 2019–20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮವನ್ನೂ ಆರಂಭಿಸಲಾಯಿತು.

ಶಾಲೆಯನ್ನು ಅಳೆಯಬೇಕಾದರೆ ಮಕ್ಕಳ ತಲೆ ಎಣಿಸಿ ಸುಮ್ಮನಾಗಬೇಡಿ. ಮಗುವಿಗೆ ಹಿಂದೆ ಕಾಣದ ಒಂದು ಕಥೆ ಕೊಟ್ಟು ಓದಿಸಿ, ಅರ್ಥ ಹೇಳಿಸಿ. ತಡವರಿಸಿದರೆ ಶಿಕ್ಷಕರನ್ನು ಕಂಡು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಖಾಲಿ ಹುದ್ದೆ ತುಂಬಿಸಿ ಎಂದು ಒತ್ತಾಯಿಸುವ, ಎಷ್ಟು ಮಕ್ಕಳು ಓದಬಲ್ಲರು ಎಂದು ಸಭೆಯಲ್ಲಿ ಕೇಳುವ ಅಧಿಕಾರ ಅಲ್ಲಿ ನಿಮಗಿದೆ. ಅದನ್ನು ಬಳಸಿ.